ಜಾರುವ ನರ

ಗೇರುಬೀಜ ಕಾರ್ಖಾನೆಯ ಸಿಪ್ಪೆ ಸುಲಿಯುವ ವಿಭಾಗದಲ್ಲಿ ಗದ್ದಲ ಕಡಿಮೆ. ಬಾಯ್ಲರಿನ ಹಬೆ, ಕಟಿಂಗ್ ಯಂತ್ರಗಳ ಟಕಟಕ ಎಲ್ಲ ಗೋಡೆಯ ಆಚೆ. ಇಲ್ಲಿ ಸಾಲಾಗಿ ಕುಳಿತ ಹೆಂಗಸರ ಮುಂದೆ ಬೋರ್ಮಾ ಎಂಬ ಬಿಸಿಗೂಡಿನಲ್ಲಿ ಒಣಗಿ ಬಂದ ಬೀಜದ ರಾಶಿ ಇರುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಒಂದು ಬೀಜ, ಬಲಗೈಯಲ್ಲಿ ಚಿಕ್ಕ ಚಾಕು. ಬೀಜವನ್ನು ತಿರುಗಿಸುತ್ತ ತೆಳು ಕೆಂಪು ಸಿಪ್ಪೆಯನ್ನು ಎಬ್ಬಿಸಬೇಕು. ಚಾಕು ಆಳಕ್ಕೆ ಇಳಿಯಬಾರದು, ಬೀಜ ಹೋಳಾಗಬಾರದು. ಹೋಳಾದರೆ ದರ ಬಿತ್ತು.

ಡಬ್ಲ್ಯೂ-320 ಎಂಬ ದರ್ಜೆಯ ಹೆಸರಲ್ಲೇ ಈ ಕೆಲಸದ ಲೆಕ್ಕವಿದೆ. ಒಂದು ಪೌಂಡಿಗೆ 300ರಿಂದ 320 ಇಡೀ ಬೀಜಗಳು ತೂಗಬೇಕು ಎಂದು ಅದರ ಅರ್ಥ. ಅಂದರೆ ಕಿಲೋಗೆ ಹೆಚ್ಚುಕಡಿಮೆ 700 ಬೀಜ. ಒಂದೊಂದಕ್ಕೂ ನಾಲ್ಕೈದು ಸಲ ಹೆಬ್ಬೆರಳು ಒತ್ತಬೇಕಾದರೆ ಒಂದು ಕಿಲೋ ಮುಗಿಯುವಷ್ಟರಲ್ಲಿ ಮೂರು ಸಾವಿರ ಬಾರಿ ಚಿವುಟಿದಂತಾಯಿತು. ಸಿಪ್ಪೆ ತೆಗೆಯುವ ಯಂತ್ರಗಳು ಬಂದಿರುವುದು ನಿಜ. ಆದರೆ ಯಂತ್ರ ಬಿಟ್ಟುಹೋದ ಸಿಪ್ಪೆ ಕೊನೆಗೆ ಕೈಗೇ ಬರುತ್ತದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಹೀಗೆ ಬೆರಳು, ಮಣಿಕಟ್ಟುಗಳ ಮೇಲೆಯೇ ನಿಂತ ಕಸುಬುಗಳು ಹಲವು. ಬ್ರಹ್ಮಾವರದ ಕಡೆ ಮನೆಮನೆಯ ಜಗಲಿಯಲ್ಲಿ ಬೀಡಿ ಕಟ್ಟುವವರಿದ್ದಾರೆ. ಮಜೂರಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಗಂಗೊಳ್ಳಿಯಲ್ಲಿ, ಮರವಂತೆ, ಉಪ್ಪುಂದ, ಶಿರೂರಿನ ಕಡಲ ತಡಿಯಲ್ಲಿ ಬಲೆ ಎಳೆಯುವ ಕೈಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿದ್ದಾಗ ಅವೇ ಕೈಗಳು ಕುಳಿತು ಹರಿದ ಬಲೆಯನ್ನು ಹೆಣೆಯುತ್ತವೆ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳಲ್ಲಿ ಆರು ತಿಂಗಳು ಇರುಳಿಡೀ ಮದ್ದಳೆ ನುಡಿಸುವವರು, ಚೆಂಡೆಯ ಕೋಲು ಹಿಡಿದವರು. ಬೆಂಗಳೂರು, ಮುಂಬೈ ಹೋಟೆಲುಗಳ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಹಿಟ್ಟು ನಾದಿ, ಈರುಳ್ಳಿ ಕೊಚ್ಚಿ ಊರಿಗೆ ಮರಳಿದವರು.

ಇವರಲ್ಲಿ ಅನೇಕರ ದೂರು ಒಂದೇ ಬಗೆಯದು. "ರಾತ್ರಿ ಕೈ ಜೋಮ್ ಹಿಡಿತ್ತ್ ಡಾಕ್ಟ್ರೆ, ಕೊಡಕಿರೆ ಸಮ ಆತ್ತ್." ಹಗಲು ಕೆಲಸದ ಭರದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ನಡುರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಚುರುಚುರು ಎಂದು ಎಚ್ಚರವಾಗುತ್ತದೆ. ಎದ್ದು ಕುಳಿತು ಕೈಯನ್ನು ಎರಡು ಸಲ ಕೊಡವಿದರೆ ಕಡಿಮೆಯಾಗುತ್ತದೆ. ಬೆಳಿಗ್ಗೆ ತಂಬಿಗೆ ಹಿಡಿದರೆ ಕೈಯಿಂದ ಜಾರುತ್ತದೆ. ಮನೆಯಲ್ಲಿ ಇದಕ್ಕೆ 'ವಾಯು' ಎನ್ನುತ್ತಾರೆ, ಎಣ್ಣೆ ತಿಕ್ಕುತ್ತಾರೆ. ಆಸ್ಪತ್ರೆಯಲ್ಲಿ ಇದರ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್. ಕೈ ಕೊಡವಿದರೆ ಹಾಯೆನಿಸುತ್ತದೆ ಎಂಬ ಮಾತು ವೈದ್ಯರಿಗೆ ಸಣ್ಣ ಸಂಗತಿಯಲ್ಲ. 1984ರಲ್ಲಿ ಪ್ರೈಸ್-ಫಿಲಿಪ್ಸ್ ಎಂಬ ನರರೋಗ ತಜ್ಞ ಅದನ್ನೇ ರೋಗಪತ್ತೆಯ ಒಂದು ಗುರುತು ಎಂದು ಪ್ರಕಟಿಸಿದರು. ಕುಂದಾಪ್ರದ ಹೆಂಗಸರು ಮೊದಲಿನಿಂದಲೂ ಹೇಳುತ್ತಿದ್ದುದು ಅದನ್ನೇ.

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆ. ಅವು ಸೇರಿ ಅಂಗೈ ಬುಡದಲ್ಲಿ ಒಂದು ತಗ್ಗು ಮಾಡುತ್ತವೆ. ಅದರ ಮೇಲೆ ಗಟ್ಟಿಯಾದ ಒಂದು ಅಸ್ಥಿಬಂಧದ ಮುಚ್ಚಳ. ಈ ಇಕ್ಕಟ್ಟಿನ ಸುರಂಗದಲ್ಲಿ ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು ಹಾದುಹೋಗುತ್ತವೆ. ಅವುಗಳ ಜೊತೆಗೆ ಒಂದೇ ಒಂದು ನರ: ಮೀಡಿಯನ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗಕ್ಕೆ ಸ್ಪರ್ಶಜ್ಞಾನ ಕೊಡುವುದು ಅದು. ಕಿರುಬೆರಳು ಅದರ ಪಾಲಿಗೆ ಬರುವುದಿಲ್ಲ. ಆದ್ದರಿಂದ ಜೋಮು ಯಾವ ಬೆರಳಿಗೆ ಎಂದು ಕೇಳುವ ವೈದ್ಯರು ಸುಮ್ಮನೆ ಕೇಳುತ್ತಿಲ್ಲ. ಕಿರುಬೆರಳೇ ಮರಗಟ್ಟುತ್ತಿದ್ದರೆ ಸಿಕ್ಕಿಬಿದ್ದಿರುವುದು ಬೇರೆ ನರ, ಬಹುಮಟ್ಟಿಗೆ ಮೊಣಕೈಯ ಹಿಂಬದಿಯಲ್ಲಿ ಹಾಯುವ ಅಲ್ನಾರ್ ನರ.

ಸುರಂಗದೊಳಗಿನ ಒತ್ತಡವನ್ನು 1981ರಲ್ಲಿ ಅಮೆರಿಕದ ರಿಚರ್ಡ್ ಗೆಲ್ಬರ್‌ಮನ್ ಮತ್ತು ಸಂಗಡಿಗರು ಸಣ್ಣ ನಳಿಕೆ ತೂರಿಸಿ ಅಳೆದರು. ಆರೋಗ್ಯವಂತರಲ್ಲಿ ಮಣಿಕಟ್ಟು ನೇರವಾಗಿದ್ದಾಗ ಅದು ಪಾದರಸದ ಎರಡೂವರೆ ಮಿಲಿಮೀಟರ್ ಮಾತ್ರ. ತೊಂದರೆ ಇದ್ದವರಲ್ಲಿ 32. ಅದೇ ಜನ ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಬಗ್ಗಿಸಿದಾಗ 94, ಹಿಂದಕ್ಕೆ ಬಾಗಿಸಿದಾಗ 110. ಈ ಒತ್ತಡದಲ್ಲಿ ನರಕ್ಕೆ ರಕ್ತ ಒಯ್ಯುವ ಸೂಕ್ಷ್ಮನಾಳಗಳು ಕುಸಿಯುತ್ತವೆ. ರಾತ್ರಿಯ ಗುಟ್ಟೂ ಇಲ್ಲೇ ಇದೆ. ನಿದ್ದೆಯಲ್ಲಿ ಕೈ ತಲೆದಿಂಬಿನ ಕೆಳಗೆ ಹೋಗುತ್ತದೆ, ಮಣಿಕಟ್ಟು ಗಂಟೆಗಟ್ಟಲೆ ಮಡಿಚಿಕೊಂಡೇ ಇರುತ್ತದೆ. ರಕ್ತವಿಲ್ಲದ ನರ ಚುರುಗುಟ್ಟಿ ಎಬ್ಬಿಸುತ್ತದೆ.

ಇಷ್ಟು ಮಾತ್ರ ಆಗಿದ್ದರೆ ಒತ್ತಡ ತೆಗೆದರೆ ಸಾಕಿತ್ತು. ನರಕ್ಕೆ ಇನ್ನೊಂದು ಅಗತ್ಯವಿದೆ, ಅದು ಬಹಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ನರ ಚಲಿಸಬೇಕು.

ನರವೆಂದರೆ ಕುತ್ತಿಗೆಯಿಂದ ಬೆರಳವರೆಗೆ ಬಿಗಿದು ಕಟ್ಟಿದ ತಂತಿ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. ತೋಳನ್ನು ಮಡಿಚಿ ಚಾಚಿ ನೋಡಿದರೆ ಆ ಕಲ್ಪನೆ ನಿಲ್ಲುವುದಿಲ್ಲ. ಮೊಣಕೈ, ಮಣಿಕಟ್ಟು ಎರಡನ್ನೂ ಮಡಿಚಿಕೊಂಡ ಸ್ಥಿತಿಯಿಂದ ಎರಡನ್ನೂ ಪೂರ್ತಿ ಚಾಚುವಾಗ ಮೀಡಿಯನ್ ನರ ಸಾಗುವ ಹಾದಿ ಸುಮಾರು ಶೇಕಡಾ 20ರಷ್ಟು ಉದ್ದವಾಗುತ್ತದೆ ಎಂದು ಆಸ್ಟ್ರಿಯಾದ ಶಸ್ತ್ರಚಿಕಿತ್ಸಕ ಹಾನ್ಸ್ ಮಿಲ್ಲೇಸಿ ಅವರ ಅಧ್ಯಯನಗಳು ತೋರಿಸಿದವು. ಇತ್ತ ಸ್ವೀಡನ್ನಿನಲ್ಲಿ ಲುಂಡ್‌ಬೋರಿ ಮತ್ತು ರುಡೆವಿಕ್ 1973ರಲ್ಲಿ ಮೊಲದ ಕಾಲಿನ ನರವನ್ನು ಎಳೆದು ನೋಡಿದ್ದರು. ಶೇಕಡಾ 8ರಷ್ಟು ಹಿಗ್ಗಿಸಿದಾಗಲೇ ನರದೊಳಗಿನ ಅಭಿಧಮನಿಗಳಲ್ಲಿ ರಕ್ತ ನಿಧಾನವಾಯಿತು. ಶೇಕಡಾ 15ಕ್ಕೆ ರಕ್ತ ಸಂಚಾರ ಪೂರ್ತಿ ನಿಂತಿತು. ಎಂಟರಷ್ಟು ಎಳೆದರೇ ನರಕ್ಕೆ ತ್ರಾಸ, ಹಾದಿ ಉದ್ದವಾಗುವುದು ಇಪ್ಪತ್ತರಷ್ಟು. ಹಾಗಿದ್ದೂ ಮರವಂತೆಯ ಮೀನುಗಾರ ದಿನಕ್ಕೆ ಸಾವಿರ ಸಲ ತೋಳು ಚಾಚುತ್ತಾನೆ, ಬರೀ ಚಾಚಿದ್ದಕ್ಕೇ ಕೈ ಜೋಮು ಹಿಡಿಯುವುದಿಲ್ಲ. ಇದು ಹೇಗೆ?

ಉತ್ತರದ ಒಂದು ತುಣುಕು 1781ರಷ್ಟು ಹಳೆಯದು. ಹಾವಿನ ವಿಷದ ಬಗ್ಗೆ ಬರೆದ ಗ್ರಂಥದಲ್ಲಿ ಇಟಲಿಯ ಫೆಲಿಚೆ ಫೊಂಟಾನಾ ನರದ ಮೇಲ್ಮೈಯಲ್ಲಿ ಕಾಣುವ ಪಟ್ಟೆಗಳನ್ನು ವರ್ಣಿಸಿದ್ದ. ಒಳಗಿನ ನರತಂತುಗಳು ಅಲೆಅಲೆಯಾಗಿ ಮಲಗಿರುವುದರಿಂದ ಆ ಪಟ್ಟೆಗಳು ಮೂಡುತ್ತವೆ. ನರವನ್ನು ಸ್ವಲ್ಪ ಎಳೆದರೆ ಅಲೆ ನೇರವಾಗುತ್ತದೆ, ಪಟ್ಟೆ ಮಾಯವಾಗುತ್ತದೆ. ಅಂದರೆ ನರದೊಳಗೇ ಒಂದಿಷ್ಟು ಸಡಿಲಿದೆ. ಇನ್ನೊಂದು ತುಣುಕು 1976ರದ್ದು. ಬ್ರಿಟನ್ನಿನ ಮೆಕ್ಲೆಲನ್ ಮತ್ತು ಸ್ವಾಶ್ ಜೀವಂತ ಮನುಷ್ಯರ ತೋಳಿನಲ್ಲಿ ಮೀಡಿಯನ್ ನರದ ಸನಿಹ ಸೂಜಿ ಇಟ್ಟು, ಕೈ ಆಡಿಸುವಾಗ ಅದು ಎಷ್ಟು ಸರಿಯುತ್ತದೆಂದು ಅಳೆದರು. ಮಣಿಕಟ್ಟು, ಬೆರಳುಗಳನ್ನು ಹಿಂದಕ್ಕೆ ಬಾಗಿಸಿದಾಗ ಮೇಲ್ತೋಳಿನಲ್ಲಿದ್ದ ನರ ಏಳು ಮಿಲಿಮೀಟರಿಗಿಂತ ತುಸು ಹೆಚ್ಚು ಕೆಳಕ್ಕೆ ಸರಿಯಿತು. ಮೊಣಕೈ ಮಡಿಚಿದಾಗ ಮೇಲಕ್ಕೆ ಹೋಯಿತು. ನರ ತನ್ನ ಸುತ್ತಲಿನ ಮಾಂಸಖಂಡ, ರಜ್ಜುಗಳ ನಡುವೆ ದಿನವಿಡೀ ಜಾರುತ್ತಲೇ ಇರುತ್ತದೆ.

ಆ ಜಾರುವಿಕೆ ನಿಂತಾಗ ತೊಂದರೆ ಶುರು. ರಜ್ಜುಗಳ ಪೊರೆ ದಪ್ಪವಾಗಿ, ನರದ ಸುತ್ತ ನೀರು ತುಂಬಿ, ಅಂಟು ಕಟ್ಟಿಕೊಂಡರೆ ನರ ಒಂದೆಡೆ ಹಿಡಿದು ನಿಲ್ಲುತ್ತದೆ. ಆಮೇಲೆ ತೋಳು ಚಾಚಿದಾಗೆಲ್ಲ ಹಿಡಿದ ಜಾಗದ ಆಚೀಚಿನ ತುಂಡು ಮಾತ್ರ ಹಿಗ್ಗಬೇಕು.

ಮಾನವ ಸಹಜವಾದ ಬುದ್ಧಿ ಇಲ್ಲಿ ತಪ್ಪು ದಾರಿ ಹಿಡಿಯುತ್ತದೆ. ಹಿಡಿದುಕೊಂಡಿದ್ದನ್ನು ಎಳೆದು ಬಿಡಿಸಬೇಕು ಎನಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಶಸ್ತ್ರಚಿಕಿತ್ಸಕರಿಗೂ ಹಾಗೇ ಅನಿಸಿತ್ತು. 1870ರ ದಶಕದಿಂದ ಯುರೋಪಿನಲ್ಲಿ ಚರ್ಮ ಕತ್ತರಿಸಿ ನರವನ್ನು ಹೊರಗೆ ಕಾಣಿಸಿ, ಬೆರಳು ಸಿಕ್ಕಿಸಿ, ಬಲವಾಗಿ ಎಳೆಯುವ ಶಸ್ತ್ರಚಿಕಿತ್ಸೆ ಚಾಲ್ತಿಗೆ ಬಂತು. ಸೊಂಟದಿಂದ ಕಾಲಿಗಿಳಿಯುವ ನೋವಿಗೆ, ನರಶೂಲೆಗೆ ಅದೇ ಮದ್ದು. ಭಾರತದಲ್ಲಿ ಕುಷ್ಠರೋಗಿಗಳ ಮೇಲೂ ಅದನ್ನು ಪ್ರಯೋಗಿಸಿದರು. ಲಂಡನ್ನಿನ ಜಾನ್ ಮಾರ್ಷಲ್ 1883ರಲ್ಲಿ ಇದೇ ವಿಷಯದ ಮೇಲೆ ದೊಡ್ಡ ಉಪನ್ಯಾಸ ಕೊಟ್ಟರು. ಕೆಲವರಿಗೆ ನೋವು ಹೋದದ್ದೂ ಉಂಟು, ಆದರೆ ಅದರ ಬೆನ್ನಿಗೇ ಶಕ್ತಿಯೂ ಸ್ಪರ್ಶವೂ ಹೋದವು. ಆ ಶಸ್ತ್ರಚಿಕಿತ್ಸೆ ಕೆಲವೇ ದಶಕಗಳಲ್ಲಿ ಬಳಕೆ ತಪ್ಪಿತು. ಇಂದಿಗೂ ಜೋಮು ಹಿಡಿದ ಕೈಯನ್ನು 'ನರ ಎಳೆದು' ಸರಿಮಾಡುವವರ ಬಳಿ ಹೋಗುವ ಜನ ಊರೂರಿನಲ್ಲಿದ್ದಾರೆ. ಹೋಗುವ ಮೊದಲು ಮೊಲದ ಮೇಲಿನ ಆ ಶೇಕಡಾ 8ರ ಲೆಕ್ಕ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಎಳೆಯುವುದರಿಂದ ಜಾರಿಸುವುದರ ಕಡೆಗೆ ವೈದ್ಯ ಜಗತ್ತು ಹೊರಳಿದ್ದು ಈಚೆಗೆ. ಆಸ್ಟ್ರೇಲಿಯಾದ ಪರ್ತ್ ನಗರದ ಫಿಸಿಯೋಥೆರಪಿಸ್ಟ್ ರಾಬರ್ಟ್ ಎಲ್ವಿ 1979ರ ಹೊತ್ತಿಗೆ ತೋಳಿನ ನರಗಳ ಬಿಗಿತ ಪರೀಕ್ಷಿಸುವ ಕ್ರಮವನ್ನು ರೂಪಿಸಿದರು. ಅಡಿಲೇಡಿನ ಡೇವಿಡ್ ಬಟ್ಲರ್ 1991ರಲ್ಲಿ ನರಮಂಡಲದ ಚಲನೆಯನ್ನೇ ಕುರಿತು ಪುಸ್ತಕ ಬರೆದರು. ಅದೇ ವರ್ಷ ಅಮೆರಿಕದ ಟಾಟನ್ ಮತ್ತು ಹಂಟರ್ ಮೀಡಿಯನ್ ನರಕ್ಕೆಂದು ಆರು ಭಂಗಿಗಳ ಒಂದು ಕ್ರಮ ಪ್ರಕಟಿಸಿದರು. ಇವತ್ತು ಜಗತ್ತಿನ ಫಿಸಿಯೋಥೆರಪಿ ವಿಭಾಗಗಳಲ್ಲಿ ರೋಗಿಯ ಕೈಗೆ ಕೊಡುವ ಚೀಟಿಯ ಮೇಲಿನ ಚಿತ್ರಗಳ ಮೂಲ ಬಹುಪಾಲು ಅದು.

ಎಳೆತಕ್ಕೂ ಜಾರಿಕೆಗೂ ಇರುವ ವ್ಯತ್ಯಾಸ ಅರ್ಥವಾಗಲು ಬಾವಿಯ ರಾಟೆಯ ಹಗ್ಗ ಸಾಕು. ಒಂದು ತುದಿಯನ್ನು ಎಳೆದು ಇನ್ನೊಂದನ್ನು ಬಿಟ್ಟುಕೊಟ್ಟರೆ ಹಗ್ಗ ಸರಾಗವಾಗಿ ಓಡುತ್ತದೆ, ಹಗ್ಗಕ್ಕೆ ಬಿಗಿತವಿಲ್ಲ. ಎರಡೂ ತುದಿ ಹಿಡಿದು ಜಗ್ಗಿದರೆ ಹಗ್ಗ ಓಡುವುದಿಲ್ಲ, ಬಿಗಿಯುತ್ತದೆ. ನರದ ಒಂದು ತುದಿ ಕುತ್ತಿಗೆಯಲ್ಲಿ, ಇನ್ನೊಂದು ಬೆರಳಲ್ಲಿ. ಮಣಿಕಟ್ಟು ಹಿಂದಕ್ಕೆ ಬಾಗಿಸಿದಾಗ ನರ ಕೆಳತುದಿಯಲ್ಲಿ ಎಳೆಯಲ್ಪಡುತ್ತದೆ; ಅದೇ ಹೊತ್ತಿಗೆ ಮೊಣಕೈ ಮಡಿಚಿದರೆ ಮೇಲಿನಿಂದ ಸಡಿಲು ಸಿಗುತ್ತದೆ. ನರ ಜಾರುತ್ತದೆ. ಮೊಣಕೈಯನ್ನೂ ನೆಟ್ಟಗೆ ಚಾಚಿ ಮಣಿಕಟ್ಟನ್ನೂ ಬಾಗಿಸಿದರೆ ಎರಡೂ ಕಡೆ ಜಗ್ಗಿದ ಹಾಗಾಯಿತು.

ಇದು ಬರಿಯ ಊಹೆಯಲ್ಲ. ಮಿಶೆಲ್ ಕೊಪಿಟರ್ಸ್ ಮತ್ತು ಬಟ್ಲರ್ 2008ರಲ್ಲಿ ಶವಗಳ ತೋಳಿನಲ್ಲಿ ಇದನ್ನು ಅಳೆದರು. ಜಾರಿಸುವ ಕ್ರಮದಲ್ಲಿ ಮೀಡಿಯನ್ ನರ ಮಣಿಕಟ್ಟಿನ ಬಳಿ ಸುಮಾರು 12 ಮಿಲಿಮೀಟರ್ ಓಡಾಡಿತು, ಹಿಗ್ಗಿದ್ದು ಶೇಕಡಾ ಒಂದಕ್ಕಿಂತ ಕಡಿಮೆ. ಬಿಗಿಯುವ ಕ್ರಮದಲ್ಲಿ ಓಡಾಡಿದ್ದು ಅದರ ಅರ್ಧದಷ್ಟು, ಹಿಗ್ಗಿದ್ದು ಶೇಕಡಾ 7ರ ಹತ್ತಿರ. ಮರುವರ್ಷ ಆರೋಗ್ಯವಂತರ ಮೇಲ್ತೋಳಿಗೆ ಅಲ್ಟ್ರಾಸೌಂಡ್ ಹಿಡಿದು ನೋಡಿದಾಗಲೂ ಜಾರಿಸುವ ಕ್ರಮದಲ್ಲಿ ನರ 10 ಮಿಲಿಮೀಟರ್ ಸರಿಯಿತು, ಬಿಗಿಯುವ ಕ್ರಮದಲ್ಲಿ ಎರಡು ಮಿಲಿಮೀಟರೂ ಇಲ್ಲ. ಹೆಚ್ಚು ಬಲ ಹಾಕಿದವನಿಗೆ ಕಡಿಮೆ ಚಲನೆ ದಕ್ಕುತ್ತದೆ. ಮೈಮುರಿದು ದುಡಿದವರಿಗೆ ನಂಬುವುದು ಕಷ್ಟ, ಆದರೆ ಈ ವ್ಯಾಯಾಮದ ಇಡೀ ಸತ್ವ ಅದರ ಮೆದುತನದಲ್ಲೇ ಇದೆ.

ಹಾಗಾದರೆ ಮಾಡುವುದು ಹೇಗೆ? ಮೀಡಿಯನ್ ನರದ ಕೈ ವ್ಯಾಯಾಮವನ್ನು ಕುಳಿತೇ ಮಾಡಬಹುದು. ಮೊಣಕೈಯನ್ನು ಮಡಿಚಿ ಪಕ್ಕೆಗೆ ಸಡಿಲವಾಗಿ ಇಟ್ಟುಕೊಳ್ಳಬೇಕು. ಮೊದಲು ಮಣಿಕಟ್ಟು ನೇರ, ಮುಷ್ಟಿ ಹಗುರವಾಗಿ ಕಟ್ಟಿರಬೇಕು. ಆಮೇಲೆ ಮುಷ್ಟಿ ಬಿಚ್ಚಿ ಬೆರಳುಗಳನ್ನೂ ಹೆಬ್ಬೆರಳನ್ನೂ ನೇರ ಮಾಡಿ ಒಟ್ಟಿಗೆ ಇಡುವುದು. ಮೂರನೆಯದರಲ್ಲಿ ಮಣಿಕಟ್ಟನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸುವುದು, ಹೆಬ್ಬೆರಳು ತೋರುಬೆರಳ ಪಕ್ಕದಲ್ಲೇ. ನಾಲ್ಕನೆಯದರಲ್ಲಿ ಹೆಬ್ಬೆರಳನ್ನು ಹೊರಕ್ಕೆ ಅಗಲಿಸುವುದು. ಐದನೆಯದು, ಅದೇ ಸ್ಥಿತಿಯಲ್ಲಿ ಅಂಗೈ ಮೇಲ್ಮುಖವಾಗುವಂತೆ ಮುಂಗೈಯನ್ನು ತಿರುಗಿಸುವುದು. ಪ್ರತಿ ಭಂಗಿಯಲ್ಲೂ ಕೆಲವು ಸೆಕೆಂಡು ನಿಂತು, ಮತ್ತೆ ಮುಷ್ಟಿಗೆ ಮರಳಬೇಕು. ಆರನೆಯ ಭಂಗಿಯಲ್ಲಿ ಇನ್ನೊಂದು ಕೈಯಿಂದ ಹೆಬ್ಬೆರಳನ್ನು ಹಿಂದಕ್ಕೆ ಎಳೆಯಬೇಕೆಂದಿದೆ. ಅದು ಜಾರಿಸುವುದಕ್ಕಿಂತ ಬಿಗಿಯುವುದಕ್ಕೇ ಹತ್ತಿರ. ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಎದುರಿಗಿಲ್ಲದಿದ್ದರೆ ಅದನ್ನು ಬಿಟ್ಟುಬಿಡುವುದೇ ಸರಿ.

ಇಡೀ ತೋಳಿಗೆ ಇನ್ನೂ ಸುಲಭದ ಕ್ರಮವಿದೆ. ಅಂಗೈ ಮೇಲೆ ಮಾಡಿ ತೋಳನ್ನು ಬದಿಗೆ ಸ್ವಲ್ಪ ಎತ್ತಿಕೊಂಡು, ಮೊಣಕೈ ಮಡಿಚುವಾಗ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಬೇಕು. ಮೊಣಕೈ ಚಾಚುವಾಗ ಮಣಿಕಟ್ಟನ್ನು ಸಡಿಲ ಬಿಟ್ಟು ಒಳಕ್ಕೆ ಬಾಗಲು ಬಿಡಬೇಕು. ಅಷ್ಟೇ, ಹಿಂದೆ ಮುಂದೆ, ನಿಲ್ಲದೆ, ಉಸಿರಾಟದ ಲಯದಲ್ಲಿ. ಕುತ್ತಿಗೆಯನ್ನೂ ಜೊತೆಗೂಡಿಸುವುದಾದರೆ ಮೊಣಕೈ ಚಾಚುವಾಗ ತಲೆಯನ್ನು ಅದೇ ಕೈಯ ಕಡೆಗೆ ವಾಲಿಸಬೇಕು, ಆಗ ಮೇಲ್ತುದಿ ಸಡಿಲವಾಗುತ್ತದೆ. ಆಚೆ ಕಡೆಗೆ ವಾಲಿಸಿದರೆ ಬಿಗಿತ ಹೆಚ್ಚುತ್ತದೆ. ಕಿರುಬೆರಳಿನ ಕಡೆಯ ಜೋಮಿಗೆ ಲೆಕ್ಕ ಬೇರೆ, ಏಕೆಂದರೆ ಅಲ್ನಾರ್ ನರ ಮೊಣಕೈಯ ಹಿಂದಿನಿಂದ ಹೋಗುತ್ತದೆ. ಮೊಣಕೈ ಮಡಿಚಿದಾಗಲೇ ಅದಕ್ಕೆ ಎಳೆತ. ಹಾಗಾಗಿ ಅಲ್ಲಿ ಮೊಣಕೈ ಮಡಿಚುವಾಗ ಮಣಿಕಟ್ಟನ್ನು ಸಡಿಲ ಬಿಟ್ಟು, ಮೊಣಕೈ ಚಾಚಿದಾಗ ಮಣಿಕಟ್ಟು ಹಿಂದಕ್ಕೆ ಬಾಗಿಸುವುದು.

ಸಾಮಾನ್ಯವಾಗಿ ಐದರಿಂದ ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ ಮಾಡಲು ಹೇಳುತ್ತಾರೆ. ಎಷ್ಟು ದೂರ ಬಾಗಿಸಬೇಕು ಎಂಬುದಕ್ಕೆ ಅಳತೆ ಕೈಯೇ ಕೊಡುತ್ತದೆ. ಸಣ್ಣಗೆ ಬಿಗಿದ ಹಾಗೆ ಆದರೆ ಅಲ್ಲಿಗೆ ನಿಲ್ಲಿಸಬೇಕು. ಚುರುಗುಟ್ಟಲು ಶುರುವಾದರೆ ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬರಬೇಕು. ವ್ಯಾಯಾಮ ಮುಗಿಸಿದ ಮೇಲೂ ಜೋಮು ಉಳಿದರೆ, ರಾತ್ರಿ ನೋವು ಹೆಚ್ಚಾದರೆ ಮಾಡಿದ್ದು ಹೆಚ್ಚಾಯಿತು ಎಂದರ್ಥ. 'ನೋವಾದರೂ ಹಲ್ಲು ಕಚ್ಚಿ ಮಾಡು' ಎಂಬ ಸಲಹೆ ಸ್ನಾಯುವಿಗೆ ಹೊಂದೀತು, ನರಕ್ಕೆ ಹೊಂದದು.

ಇದರಿಂದ ಗುಣವಾಗುತ್ತದೆಯೇ ಎಂದು ಕೇಳಿದರೆ ಉತ್ತರವನ್ನು ಪ್ರಾಮಾಣಿಕವಾಗಿ ಹೇಳಬೇಕು. 1998ರಲ್ಲಿ ರೋಜ್‌ಮರಿನ್ ಎಂಬ ಅಮೆರಿಕದ ಶಸ್ತ್ರಚಿಕಿತ್ಸಕ ಮತ್ತು ಸಂಗಡಿಗರು ಒಂದು ವರದಿ ಪ್ರಕಟಿಸಿದರು. ಕಾರ್ಪಲ್ ಟನಲ್ ತೊಂದರೆಗೆ ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ ನೂರಕ್ಕೆ 71 ಮಂದಿಗೆ ಕೊನೆಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ನರ ಮತ್ತು ರಜ್ಜು ಜಾರಿಸುವ ವ್ಯಾಯಾಮವನ್ನೂ ಮಾಡಿದವರಲ್ಲಿ 43 ಮಂದಿಗೆ. ಆ ವರದಿಯೇ ಈ ವ್ಯಾಯಾಮಗಳನ್ನು ಮನೆಮಾತಾಗಿಸಿತು. ಆದರೆ ನಂತರದ ಕಟ್ಟುನಿಟ್ಟಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಫಲ ಕಾಣಲಿಲ್ಲ. 2012ರಲ್ಲಿ ಕೊಕ್ರೇನ್ ಸಂಸ್ಥೆಯ ಪರಾಮರ್ಶೆ ಕಾರ್ಪಲ್ ಟನಲ್ ವಿಷಯದಲ್ಲಿ ಇರುವ ಪುರಾವೆ ಅಲ್ಪ, ಗುಣಮಟ್ಟವೂ ಕಡಿಮೆ ಎಂದಿತು. 2017ರ ಇನ್ನೊಂದು ದೊಡ್ಡ ಪರಾಮರ್ಶೆಯಲ್ಲಿ ಕುತ್ತಿಗೆಯಿಂದ ತೋಳಿಗಿಳಿಯುವ ನರದ ನೋವಿಗೆ ಈ ಚಿಕಿತ್ಸೆಯಿಂದ ಉಪಯೋಗ ಚೆನ್ನಾಗಿಯೇ ಕಂಡಿತು, ಮಣಿಕಟ್ಟಿನ ತೊಂದರೆಗೆ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ಹಾಗೆಂದು ಇದನ್ನು ತಳ್ಳಿಹಾಕುವುದೂ ಅವಸರವಾದೀತು. ಆನಿನಾ ಶ್ಮಿಡ್ ಮತ್ತು ಸಂಗಡಿಗರು 2012ರಲ್ಲಿ ಎಂಆರ್‌ಐ ತೆಗೆದು ನೋಡಿದಾಗ, ಒಂದೇ ವಾರದ ವ್ಯಾಯಾಮದಿಂದ ಮೀಡಿಯನ್ ನರದೊಳಗಿನ ಬಾವು ಇಳಿದಿತ್ತು. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡವರಲ್ಲೂ ಅಷ್ಟೇ ಇಳಿದಿತ್ತು. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಆ ಪಟ್ಟಿ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಗೆಲ್ಬರ್‌ಮನ್ ಅಳತೆಯ 94, 110ರ ಒತ್ತಡವನ್ನು ನಿದ್ದೆಯಲ್ಲಿ ತಪ್ಪಿಸಲು ಇದಕ್ಕಿಂತ ಸರಳ ಉಪಾಯವಿಲ್ಲ. ತೊಂದರೆ ಆರಂಭದಲ್ಲಿದ್ದಾಗ ರಾತ್ರಿ ಪಟ್ಟಿ, ಹಗಲು ಮೆದು ಚಲನೆ, ಈ ಜೋಡಿಯಿಂದ ಶುರುಮಾಡುವುದು ವಿವೇಕದ ದಾರಿ. ಖರ್ಚಂತೂ ಬಹಳವಿಲ್ಲ.

ಆದರೆ ಏಳು ಗಂಟೆ ಚಿವುಟಿ, ಏಳು ನಿಮಿಷ ವ್ಯಾಯಾಮ ಮಾಡಿದರೆ ಲೆಕ್ಕ ಹೊಂದುವುದಿಲ್ಲ. ಬಲ ಹಾಕಿ ಪದೇಪದೇ ಹಿಡಿಯುವುದು, ಮಣಿಕಟ್ಟು ಬಾಗಿಸಿಕೊಂಡೇ ದುಡಿಯುವುದು, ಕಂಪಿಸುವ ಉಪಕರಣ ಹಿಡಿಯುವುದು ಈ ಕಾಯಿಲೆಯನ್ನು ಹೆಚ್ಚಿಸುತ್ತವೆ ಎಂಬುದು ಸ್ಥಿರಪಟ್ಟ ವಿಷಯ. ಬೀಡಿ ಕಟ್ಟುವವರು ಮಡಿಲಿನ ಗೆರಸೆಯ ಮೇಲೆ ಬಾಗಿ ಕುಳಿತಾಗ ಕುತ್ತಿಗೆ ಮುಂದಕ್ಕೆ, ಮಣಿಕಟ್ಟು ಒಳಕ್ಕೆ. ಗೆರಸೆಯ ಕೆಳಗೆ ಒಂದು ಮಣೆ ಇಟ್ಟು ಎತ್ತರಿಸಿದರೆ ಎರಡೂ ಸ್ವಲ್ಪ ನೇರವಾಗುತ್ತವೆ. ಎಲೆ ಒಣಗಿ ಗಡುಸಾಗಿದ್ದರೆ ಬೆರಳಿನ ಬಲ ಹೆಚ್ಚು ಬೇಕು. ಚೆನ್ನಾಗಿ ನೆನೆದ ಎಲೆಗೆ ಕಡಿಮೆ ಸಾಕು. ಸಿಪ್ಪೆ ಸುಲಿಯುವ ಚಾಕುವಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಚಿವುಟುವ ಬಲ ಇಳಿಯುತ್ತದೆ, ಅಲಗು ಮೊಂಡಾಗದಂತೆ ನೋಡಿಕೊಂಡರೆ ಇನ್ನೂ ಇಳಿಯುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ತೂಕಕ್ಕೆ, ಸಾವಿರಕ್ಕೆ ಕೂಲಿ ಎಣಿಸುವ ಕಡೆ ನಡುವೆ ಎರಡು ನಿಮಿಷ ಕೈ ಬಿಡುವವರಿಗೆ ಆ ಎರಡು ನಿಮಿಷದ ದುಡ್ಡು ಖೋತಾ. ವಿರಾಮವನ್ನು ಕೂಲಿಯೊಳಗೇ ಸೇರಿಸಬೇಕಾದವರು ಮಾಲೀಕರು. ಇದನ್ನು ಕೆಲಸಗಾರರ ಶಿಸ್ತಿನ ಪ್ರಶ್ನೆ ಎಂದು ನೋಡುವುದು ಅನ್ಯಾಯ.

ಎಲ್ಲ ಜೋಮೂ ಮಣಿಕಟ್ಟಿನದಲ್ಲ ಎಂಬುದನ್ನು ಕೂಡ ಗಮನಿಸಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಎರಡೂ ನರವನ್ನು ಸುಲಭವಾಗಿ ಘಾಸಿಗೊಳ್ಳುವಂತೆ ಮಾಡುತ್ತವೆ. ಬಸುರಿನಲ್ಲಿ ಮೈಗೆ ನೀರು ಸೇರಿ ಬರುವ ಜೋಮು ಹೆರಿಗೆಯ ನಂತರ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಕುತ್ತಿಗೆಯಲ್ಲೇ ನರದ ಬೇರು ಒತ್ತಿರಬಹುದು. ಕುತ್ತಿಗೆಯಲ್ಲಿ ಸ್ವಲ್ಪ ಒತ್ತಿದ ನರ ಮಣಿಕಟ್ಟಿನಲ್ಲೂ ಬೇಗ ಸೋಲುತ್ತದೆ ಎಂಬ ವಾದವನ್ನು ಅಪ್ಟನ್ ಮತ್ತು ಮೆಕೋಮಸ್ 1973ರಲ್ಲಿ ಮಂಡಿಸಿದರು; ಅದರ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ಲಟಕ್ಕೆನಿಸಿಕೊಳ್ಳುವ ಅಭ್ಯಾಸವಿದ್ದವರು, ಕೈಯಲ್ಲಿ ಜೋಮಿದ್ದರೆ ಅದನ್ನು ನಿಲ್ಲಿಸುವುದು ಕ್ಷೇಮ.

ಹೆಚ್ಚಿನ ಎಚ್ಚರ ಬೇಕಾದದ್ದು ಕುಷ್ಠರೋಗದ ವಿಷಯದಲ್ಲಿ. ಮೊಣಕೈಯ ಬಳಿ ಅಲ್ನಾರ್ ನರ, ಮಣಿಕಟ್ಟಿನ ಬಳಿ ಮೀಡಿಯನ್ ನರ, ಆ ರೋಗದ ಬ್ಯಾಕ್ಟೀರಿಯಾ ಹೆಚ್ಚಾಗಿ ಹಿಡಿಯುವ ಜಾಗಗಳಲ್ಲಿ ಇವೂ ಸೇರಿವೆ. ಮೈಮೇಲೆ ಬಣ್ಣ ಮಾಸಿದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದೆಯೇ, ಮೊಣಕೈಯ ಹಿಂದೆ ನರ ಹಗ್ಗದಷ್ಟು ದಪ್ಪವಾಗಿ ಕೈಗೆ ಸಿಗುತ್ತದೆಯೇ, ಬಿಸಿ ಪಾತ್ರೆ ಹಿಡಿದು ಗುಳ್ಳೆಯೆದ್ದರೂ ನೋವಾಗಲಿಲ್ಲವೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಇದ್ದರೆ ವ್ಯಾಯಾಮಕ್ಕೆ ಕೈಹಾಕದೆ ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಬಹುಔಷಧ ಚಿಕಿತ್ಸೆ ಸರ್ಕಾರದಿಂದ ಉಚಿತ, ಇದು ಪೂರ್ತಿ ಗುಣವಾಗುವ ಕಾಯಿಲೆ. ತಡವಾದಷ್ಟೂ ನಷ್ಟವಾಗುವುದು ನರ. ಹಾಗೆ ನರ ಸೋತ ಕೈಗಳು ಮತ್ತೆ ಹಿಡಿಯುವಂತೆ ಮಾಡಲೆಂದೇ ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ 1940ರ ದಶಕದ ಕೊನೆಯಲ್ಲಿ ರಜ್ಜು ಬದಲಿಸುವ ಶಸ್ತ್ರಚಿಕಿತ್ಸೆ ಆರಂಭಿಸಿದರು.

ಹೆಬ್ಬೆರಳ ಬುಡದ ಮಾಂಸಲ ಉಬ್ಬು ತಗ್ಗಿದ್ದರೆ, ಜೋಮು ಹಗಲೂ ರಾತ್ರಿ ಬಿಡದೆ ಇದ್ದರೆ, ಕುಪ್ಪಸದ ಗುಂಡಿ ಹಾಕಲು ಆಗದಿದ್ದರೆ ವ್ಯಾಯಾಮದ ಕಾಲ ಮುಗಿದಿದೆ. ಆಗ ನರದಲ್ಲಿ ವಿದ್ಯುತ್ ಸಂಕೇತ ಎಷ್ಟು ವೇಗವಾಗಿ ಹೋಗುತ್ತದೆ ಎಂದು ಪರೀಕ್ಷಿಸುತ್ತಾರೆ. ಆರೋಗ್ಯದ ನರದಲ್ಲಿ ಆ ವೇಗ ಸೆಕೆಂಡಿಗೆ 50 ಮೀಟರಿಗಿಂತ ಹೆಚ್ಚು. ಸುರಂಗದಲ್ಲಿ ಸಿಕ್ಕಿಬಿದ್ದ ನರದಲ್ಲಿ ಅಲ್ಲಿ ಮಾತ್ರ ನಿಧಾನವಾಗುತ್ತದೆ. ಈ ಪರೀಕ್ಷೆಗೆ ಮೂರೂ ತಾಲೂಕುಗಳ ಜನ ಹೋಗುವುದು ಹೆಚ್ಚಾಗಿ ಉಡುಪಿ, ಮಣಿಪಾಲದ ಕಡೆಗೆ. ಶಸ್ತ್ರಚಿಕಿತ್ಸೆ ಚಿಕ್ಕದು. ಕೈಗೆ ಮಾತ್ರ ಅರಿವಳಿಕೆ ಕೊಟ್ಟು, ಸುರಂಗದ ಮುಚ್ಚಳವಾದ ಅಸ್ಥಿಬಂಧವನ್ನು ಉದ್ದಕ್ಕೆ ಸೀಳುತ್ತಾರೆ. ಬಹಳ ಮಂದಿ ಅದೇ ದಿನ ಮನೆಗೆ ಮರಳುತ್ತಾರೆ. ಗಾಯ ಮಾಯುವಾಗ ಹೊಸ ಕಲೆಯ ಅಂಗಾಂಶ ನರಕ್ಕೆ ಅಂಟಿಕೊಳ್ಳುವ ಸಂಭವವಿದೆ. ಅದಕ್ಕೇ ಗಾಯದ ಪಟ್ಟಿ ಬಿಚ್ಚುವ ಮೊದಲೇ, ಮರುದಿನದಿಂದಲೇ, ಬೆರಳುಗಳನ್ನು ಮೆಲ್ಲಗೆ ಮಡಿಚಿ ಬಿಚ್ಚಲು ವೈದ್ಯರು ಹೇಳುತ್ತಾರೆ.